ಫೈಲ್ ಕಳಿಸುವ ಮೊದಲು: ವಿಡಿಯೊ ಕ್ಯೂಸಿ ಕಲಿಯುವವರಿಗೆ

ಗೋವಿನಕೋವಿ, ಹೊನ್ನಾಳಿ, ನ್ಯಾಮತಿ ಕಡೆ ಈಗ ಮದುವೆ, ತೇರು, ನಾಟಕ ಎಲ್ಲವನ್ನೂ ಊರಿನ ಹುಡುಗರೇ ಶೂಟ್ ಮಾಡಿ, ಎಡಿಟ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ. ಅವರಲ್ಲಿ ಕೆಲವರಿಗೆ ಬೆಂಗಳೂರಿನ ವಾಹಿನಿಯಲ್ಲೋ ಸ್ಟುಡಿಯೊದಲ್ಲೋ ಕೆಲಸ ಮಾಡುವ ಆಸೆ. ಕ್ಯಾಮೆರಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಡಿಟಿಂಗ್ ಮುಗಿದ ಮೇಲಿನ ಕ್ಯೂಸಿ, ಅಂದರೆ ಕ್ವಾಲಿಟಿ ಕಂಟ್ರೋಲ್, ಬಗ್ಗೆ ಕೇಳುವವರು ಕಡಿಮೆ. ಸಿನಿಮಾ ಆಗಲಿ ಧಾರಾವಾಹಿ ಆಗಲಿ, ಈ ತಪಾಸಣೆಯಲ್ಲಿ ಪಾಸಾಗದೆ ಪರದೆಗೆ ಹೋಗಬಾರದು. ಕನ್ನಡ ಚೆನ್ನಾಗಿ ಬಲ್ಲವರು ಈ ಕೆಲಸಕ್ಕೆ ಬೇಕೇ ಬೇಕು ಎನ್ನುವುದು ನನ್ನ ನಂಬಿಕೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಫೈಲ್ ಏನೆಂದು ತಿಳಿಯಿರಿ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಫೈಲ್ ತೆರೆದರೆ ಅಳತೆ, ಕೋಡೆಕ್, ಫ್ರೇಮ್‌ರೇಟ್, ಆಡಿಯೊ ಚಾನೆಲ್ ಎಲ್ಲ ಒಂದೇ ಪುಟದಲ್ಲಿ ಕಾಣುತ್ತವೆ. ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಆದರೆ ಫ್ರೇಮ್‌ರೇಟ್ ಮೋಡ್ ಎದುರು ಹೆಚ್ಚಾಗಿ ‘ವೇರಿಯಬಲ್’ ಎಂದಿರುತ್ತದೆ. ಫೋನ್ ತನಗೆ ಅನುಕೂಲ ಆದಂತೆ ಸೆಕೆಂಡಿಗೆ ಒಮ್ಮೆ 30, ಒಮ್ಮೆ 28 ಫ್ರೇಮ್ ಹಿಡಿದಿರುತ್ತದೆ. ಎಡಿಟಿಂಗ್‌ನಲ್ಲಿ ಮೊದಲ ನಿಮಿಷ ತುಟಿಗೂ ಮಾತಿಗೂ ಸರಿಹೊಂದಿದ್ದು, ಅರ್ಧ ಗಂಟೆಯ ಹೊತ್ತಿಗೆ ಮಾತು ಹಿಂದೆ ಬೀಳಲು ಕಾರಣ ಇದೇ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಅದನ್ನು ‘ಕಾನ್‌ಸ್ಟಂಟ್’ಗೆ ಬದಲಾಯಿಸಿಕೊಂಡು ಎಡಿಟ್ ಶುರು ಮಾಡಿ. ಸಿಂಕ್ ನೋಡುವಾಗ ಆರಂಭ, ನಡು, ಕೊನೆ ಮೂರನ್ನೂ ನೋಡಿ. ಆರಂಭ ಸರಿಯಿದೆ ಎಂದ ಮಾತ್ರಕ್ಕೆ ನಂಬಬೇಡಿ.

ಚಿತ್ರಮಂದಿರಕ್ಕೆ ಹೋಗುವ ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್, ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿನದು; ನಮ್ಮ ಟಿವಿ 25ರ ಲೆಕ್ಕದಲ್ಲಿ ನಡೆಯುತ್ತದೆ. 24ನ್ನು ಹಾಗೇ 25ರ ವೇಗದಲ್ಲಿ ಓಡಿಸಿದರೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿ ಸರಿಪಡಿಸದಿದ್ದರೆ ಧ್ವನಿಯೂ ಅರ್ಧ ಸ್ವರಕ್ಕೆ ಹತ್ತಿರ ಏರುತ್ತದೆ. ರಾಜ್‌ಕುಮಾರ್ ಅವರ ಕಂಠ ಕೇಳಿ ಬೆಳೆದ ಕಿವಿಗೆ ಈ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ.

ಬಣ್ಣ, ಬೆಳಕು, ಧ್ವನಿಗೂ ಮಿತಿಗಳಿವೆ. 8 ಬಿಟ್ ಟಿವಿ ವಿಡಿಯೊದಲ್ಲಿ ಕಪ್ಪು 16ರಲ್ಲಿ, ಬಿಳಿ 235ರಲ್ಲಿ ನಿಲ್ಲಬೇಕು. ಧ್ವನಿಯ ಸರಾಸರಿ ಮಟ್ಟ ಯುರೋಪಿನ ಪ್ರಸಾರ ನಿಯಮದಂತೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ). ನೆಟ್‌ಫ್ಲಿಕ್ಸ್ ಸಂಭಾಷಣೆಯನ್ನು ಆಧಾರವಾಗಿಟ್ಟು ಮೈನಸ್ 27 ಕೇಳುತ್ತದೆ. ಯಾರಿಗೆ ಕಳಿಸುತ್ತೀರೋ ಅವರ ಸ್ಪೆಕ್ ಶೀಟ್ ಓದಿಯೇ ಎಕ್ಸ್‌ಪೋರ್ಟ್ ಮಾಡಿ.

ಮಿನುಗುವ ಬೆಳಕಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಂತೊಂದರಲ್ಲಿ ಕೆಂಪು–ನೀಲಿ ಬೆಳಕು ವೇಗವಾಗಿ ಮಿನುಗಿ, 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ದೃಶ್ಯ ಅಪಾಯ ಎಂದು ಇಂದಿನ ನಿಯಮಗಳು ಹೇಳುತ್ತವೆ. ಆರ್ಕೆಸ್ಟ್ರಾ ವೇದಿಕೆಯ ಲೈಟುಗಳನ್ನು ಶೂಟ್ ಮಾಡುವಾಗ ಇದು ನೆನಪಿರಲಿ.

ಇವನ್ನೆಲ್ಲ ಅಳೆಯಲು ಬೇಟನ್, ಪಲ್ಸರ್, ವಿಡ್‌ಚೆಕರ್‌ನಂಥ ತಂತ್ರಾಂಶಗಳಿವೆ. ನಡುವೆ ನುಸುಳಿದ ಒಂದೇ ಒಂದು ಕಪ್ಪು ಫ್ರೇಮ್, ನಿಂತುಹೋದ ಚಿತ್ರ, ಸತ್ತ ಚಾನೆಲ್ ಇವನ್ನು ಅವು ನಮಗಿಂತ ಚೆನ್ನಾಗಿ ಹಿಡಿಯುತ್ತವೆ. ಆದರೆ ಟೈಟಲ್ ಕಾರ್ಡಿನಲ್ಲಿ ‘ಶ್ರೀ’ ಒಡೆದು ‘ಶ್‌ರೀ’ ಆಗಿದ್ದರೆ ಅವಕ್ಕೆ ತಿಳಿಯುವುದಿಲ್ಲ. ಎಡಿಟಿಂಗ್ ತಂತ್ರಾಂಶದಲ್ಲಿ ಭಾರತೀಯ ಲಿಪಿಯ ಜೋಡಣೆ ಆನ್ ಮಾಡದಿದ್ದರೆ ಒತ್ತಕ್ಷರ ಹೀಗೆ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಯಂತ್ರದ ಪಾಲಿಗೆ ಅದೂ ಸರಿಯಾದ ಚಿತ್ರವೇ. 2022ರ ‘ಕಾಂತಾರ’ ಹಿಂದಿ, ತೆಲುಗು, ತಮಿಳು, ಮಲಯಾಳಂಗೂ ಡಬ್ ಆಯಿತು. ಇಂಥ ಸಿನಿಮಾದಲ್ಲಿ ಚಿತ್ರ ಒಂದೇ, ಧ್ವನಿ ಹಲವು. ಕನ್ನಡ ಎಂದು ಹೆಸರಿಟ್ಟ ಟ್ರ್ಯಾಕಿನಲ್ಲಿ ಇರುವುದು ಕನ್ನಡವೇ, ಸಬ್‌ಟೈಟಲ್ ಆ ಮಾತನ್ನೇ ಹೇಳುತ್ತಿದೆಯೇ ಎಂದು ಭಾಷೆ ಬಲ್ಲವರು ಪೂರ್ತಿ ಕೂತು ಕೇಳಿಯೇ ಹೇಳಬೇಕು.

ಹಳೆಯ ಚಿತ್ರಗಳಲ್ಲಿ ಈ ವಿವೇಚನೆ ಇನ್ನೂ ಸೂಕ್ಷ್ಮ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 4ಕೆಯಲ್ಲಿ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇಂಥ ಕಪ್ಪು–ಬಿಳುಪು ಚಿತ್ರದಲ್ಲಿ ಧೂಳು, ಗೀರು ಹೋಗಬೇಕು, ಫಿಲ್ಮಿನ ಕಣ ಉಳಿಯಬೇಕು. ಕಣವನ್ನೂ ದೋಷವೆಂದು ಒರೆಸಿದರೆ ಮುಖಗಳು ಮೇಣದಂತೆ ನುಣುಪಾಗುತ್ತವೆ. ಎಷ್ಟು ತೆಗೆಯಬೇಕು ಎಂಬುದನ್ನು ನೂರಾರು ಫ್ರೇಮ್ ನೋಡಿ ಪಳಗಿದ ಕಣ್ಣೇ ತೀರ್ಮಾನಿಸಬೇಕು.

ದೋಷ ಕಂಡಾಗ ‘ಸೌಂಡ್ ಸರಿ ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ‘00:41:12:08, ಎಡ ಚಾನೆಲ್, ಚಟ್ ಎಂಬ ಸದ್ದು, ಎರಡು ಫ್ರೇಮ್’ ಎಂದು ಬರೆದರೆ ಎಡಿಟರ್ ನೇರ ಅಲ್ಲಿಗೇ ಹೋಗುತ್ತಾರೆ. ತಿದ್ದಿದ ಫೈಲ್ ಬಂದಾಗ ಆ ಜಾಗವನ್ನಷ್ಟೇ ನೋಡಿ ಬಿಡಬೇಡಿ. ಹೊಸ ಎಕ್ಸ್‌ಪೋರ್ಟ್ ಹೊಸ ತಪ್ಪು ತರಬಹುದು, ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿ. ಪಾಸಾದ ಮೇಲೆ ಎಂಡಿ5 ಚೆಕ್‌ಸಮ್, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ತೆಗೆದು ಫೈಲ್ ಜೊತೆ ಕಳಿಸಿ. ಪಡೆದವರು ತಮ್ಮ ಕಡೆ ಅದನ್ನೇ ಲೆಕ್ಕ ಹಾಕುತ್ತಾರೆ. ಎರಡರಲ್ಲಿ ಒಂದಂಕಿ ಬೇರೆಯಾದರೂ ಫೈಲನ್ನು ಮತ್ತೆ ಕಳಿಸಬೇಕು.