ಬೇಸ್‌ಬಾಲಿನ ಪಶ್ಚಿಮ ವಿಭಾಗ

ನಾನು ಬೇಸ್‌ಬಾಲ್ ಆಡಿದವನಲ್ಲ; ಆಟವನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೂ ಈ ವಿಷಯವನ್ನೆತ್ತಿಕೊಂಡು ಬರೆಯಲು ಕಾರಣವಾದದ್ದು ನಮ್ಮ ವಾಚನಾಲಯದಲ್ಲಿ ಕೈಗೆ ಸಿಕ್ಕ ವಿಶ್ವಕೋಶದ ಒಂದು ಹಳೆಯ ಸಂಪುಟ. ಅದರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ವೃತ್ತಿನಿರತ ಬೇಸ್‌ಬಾಲ್ ತಂಡಗಳ ಪಟ್ಟಿಯೊಂದಿತ್ತು. ‘ನ್ಯಾಷನಲ್ ಲೀಗ್, ಪಶ್ಚಿಮ ವಿಭಾಗ’ ಎಂಬ ತಲೆಬರಹದ ಕೆಳಗೆ ಅಟ್ಲಾಂಟಾ, ಸಿನ್ಸಿನಾಟಿ ಎಂಬ ಹೆಸರುಗಳನ್ನು ಕಂಡು, ಇದು ಅಚ್ಚಿನ ತಪ್ಪಿರಬೇಕೆಂದು ಭಾವಿಸಿದೆ. ಭೂಗೋಳ ನನ್ನ ಐಚ್ಛಿಕ ವಿಷಯಗಳಲ್ಲೊಂದು. ಸುಮ್ಮನಿರಲಾರದೆ ಅಟ್ಲಾಸನ್ನು ತೆಗೆದು ನೋಡಿದೆ. ಈ ಎರಡು ಊರುಗಳೂ ಪಶ್ಚಿಮ ರೇಖಾಂಶ ೮೪ ಡಿಗ್ರಿಯ ಆಸುಪಾಸಿನಲ್ಲಿವೆ. ಅದೇ ಪಟ್ಟಿಯ ‘ಪೂರ್ವ ವಿಭಾಗ’ದಲ್ಲಿದ್ದ ಷಿಕಾಗೋ ೮೭ ಡಿಗ್ರಿಗೂ ಆಚೆಯದು, ಸೇಂಟ್ ಲೂಯಿಸ್ ಸುಮಾರು ೯೦ ಡಿಗ್ರಿಯಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯ ಮೇಲಿರುವ ಊರು. ಅಂದರೆ ಪೂರ್ವದ ಊರುಗಳು ಪಶ್ಚಿಮಕ್ಕೆ, ಪಶ್ಚಿಮದ ಊರುಗಳು ಪೂರ್ವಕ್ಕೆ! ಅಚ್ಚಿನ ತಪ್ಪಲ್ಲ, ೧೯೬೯ರಿಂದ ೧೯೯೩ರವರೆಗೆ ೨೫ ವರ್ಷ ನಡೆದುಬಂದ ಏರ್ಪಾಟೇ ಅದೆಂದು ಆಮೇಲೆ ತಿಳಿಯಿತು.

ಆಟದ ವಿಧಾನವನ್ನು ವಿವರಿಸಲು ಇಲ್ಲಿ ಸ್ಥಳವಿಲ್ಲ. ಒಂದು ಕಡೆಗೆ ೯ ಜನ, ೯ ಇನ್ನಿಂಗ್ಸ್. ಓಟಗಳು ಸಮವಾದರೆ ಕ್ರಿಕೆಟ್ಟಿನಂತೆ ಕೈಕುಲುಕಿ ಮನೆಗೆ ಹೋಗುವುದಿಲ್ಲ, ಗೆಲುವು ಸೋಲು ತೀರ್ಮಾನವಾಗುವ ತನಕ ಇನ್ನಿಂಗ್ಸ್ ಬೆಳೆಯುತ್ತದೆ. ಇಷ್ಟು ತಿಳಿದರೆ ಸಾಕು. ಆ ದೇಶದಲ್ಲಿ ದೊಡ್ಡ ಲೀಗುಗಳು ಎರಡು: ೧೮೭೬ರಲ್ಲಿ ಹುಟ್ಟಿದ ನ್ಯಾಷನಲ್ ಲೀಗ್, ೧೯೦೧ರಲ್ಲಿ ಅದಕ್ಕೆ ಸರಿಸಮನೆಂದು ನಿಂತ ಅಮೆರಿಕನ್ ಲೀಗ್. ೧೯೬೮ರವರೆಗೆ ಒಂದೊಂದು ಲೀಗಿಗೂ ಒಂದೇ ಪಟ್ಟಿ. ಬೇಸಗೆಯೆಲ್ಲ ಆಡಿ, ಹೆಚ್ಚು ಪಂದ್ಯ ಗೆದ್ದ ತಂಡ ನೇರವಾಗಿ ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಸರಣಿಗೆ ಹೋಗುತ್ತಿತ್ತು. ಲೆಕ್ಕ ಸರಳ, ಜಗಳಕ್ಕೆ ಆಸ್ಪದವಿಲ್ಲ.

ತಂಡಗಳು ರೈಲಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ನ್ಯಾಷನಲ್ ಲೀಗಿನ ಪಶ್ಚಿಮದ ಗಡಿಯೆಂದರೆ ಸೇಂಟ್ ಲೂಯಿಸ್. ವಿಮಾನಯಾನ ಬಂದು ಆ ಗಡಿ ಅಳಿಸಿತು. ನ್ಯೂಯಾರ್ಕಿನ ಎರಡು ತಂಡಗಳು, ಬ್ರೂಕ್ಲಿನ್ನಿನ ಡಾಡ್ಜರ್ಸ್ ಮತ್ತು ಜೈಂಟ್ಸ್, ೧೯೫೮ರಲ್ಲಿ ಒಮ್ಮೆಗೇ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದವು. ಒಂದು ಲಾಸ್ ಏಂಜಲಿಸಿಗೆ, ಮತ್ತೊಂದು ಸ್ಯಾನ್ ಫ್ರಾನ್ಸಿಸ್ಕೋಗೆ. ಹಳೆಯ ಹಗೆತನವನ್ನು ಮಾತ್ರ ಎರಡೂ ಗಂಟುಮೂಟೆಯ ಜೊತೆಯಲ್ಲೇ ಕೊಂಡೊಯ್ದವು. ೧೯೬೨ರಲ್ಲಿ ಹ್ಯೂಸ್ಟನ್ ಸೇರಿತು. ಬ್ರೇವ್ಸ್ ತಂಡ ಬಾಸ್ಟನ್ ಬಿಟ್ಟು ಮಿಲ್ವಾಕಿ, ಅದನ್ನೂ ಬಿಟ್ಟು ೧೯೬೬ರಲ್ಲಿ ಅಟ್ಲಾಂಟಾ ಸೇರಿತ್ತು. ೧೯೬೯ರಲ್ಲಿ ಸ್ಯಾನ್ ಡಿಯೇಗೋ ಮತ್ತು ಕೆನಡಾದ ಮಾಂಟ್ರಿಯಾಲ್ ಬಂದು ತಂಡಗಳು ೧೨ ಆದವು.

ಹನ್ನೆರಡನೆಯ ಸ್ಥಾನದಲ್ಲಿ ನರಳುವ ತಂಡದ ಆಟಕ್ಕೆ ದುಡ್ಡು ಕೊಟ್ಟು ಯಾರು ಬಂದಾರು? ಆದುದರಿಂದ ಪಟ್ಟಿಯನ್ನು ಆರಾರರ ಎರಡು ವಿಭಾಗ ಮಾಡಿದರು. ನಕಾಶೆಯನ್ನು ಮುಂದಿಟ್ಟುಕೊಂಡಿದ್ದರೆ ಷಿಕಾಗೋ ಮತ್ತು ಸೇಂಟ್ ಲೂಯಿಸ್ ಪಶ್ಚಿಮಕ್ಕೆ ಸೇರಬೇಕಾಗಿತ್ತು. ಆ ಎರಡು ತಂಡಗಳೂ ಪೂರ್ವದವರ ಸಹವಾಸವನ್ನೇ ಬಯಸಿದವು. ಕ್ಯಾಲಿಫೋರ್ನಿಯಾದಲ್ಲಿ ಸಂಜೆ ೮ ಗಂಟೆಗೆ ಆಟ ಮೊದಲಾದರೆ ಷಿಕಾಗೋದಲ್ಲಿ ಆಗಲೇ ರಾತ್ರಿ ೧೦. ರೇಡಿಯೋದ ಮುಂದೆ ಕೂರುವವರು ಯಾರು? ಅವರ ಮಾತು ನಡೆಯಿತು. ಬದಲಿಗೆ ಪಶ್ಚಿಮಕ್ಕೆ ಹೋದವು ಅಟ್ಲಾಂಟಾ ಮತ್ತು ಸಿನ್ಸಿನಾಟಿ. ಅಲ್ಲಿ ಗಡಿಯಾರ ಇನ್ನೂ ಒಂದು ಗಂಟೆ ಮುಂದೆ! ಷಿಕಾಗೋದವರು ಹತ್ತು ಗಂಟೆಗೆ ಬೇಡವೆಂದ ಆಟವನ್ನು ಸಿನ್ಸಿನಾಟಿಯವರು ಹನ್ನೊಂದಕ್ಕೆ ಕೇಳಬೇಕಾಯಿತು. ಈ ವಿನೋದವನ್ನು ಯಾರಾದರೂ ಗಮನಿಸಿದರೋ ಇಲ್ಲವೋ.

ವಿಭಾಗವೆಂಬುದು ಬರಿಯ ಹೆಸರಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ತಂಡವೊಂದು ಆಡುತ್ತಿದ್ದ ೧೬೨ ಪಂದ್ಯಗಳಲ್ಲಿ ತನ್ನ ವಿಭಾಗದ ಐವರೊಡನೆ ತಲಾ ೧೮ರಂತೆ ೯೦, ಇನ್ನೊಂದು ವಿಭಾಗದ ಆರು ಮಂದಿಯೊಡನೆ ತಲಾ ೧೨ರಂತೆ ೭೨. ವಿಭಾಗದಲ್ಲಿ ಮೊದಲಿಗರಾದವರಿಗೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತಿತ್ತು. ಹೀಗಾಗಿ ನೆರೆಯವರು ಯಾರೆಂಬುದೇ ತಂಡದ ಹಣೆಬರಹವಾಯಿತು.

ಪೂರ್ವದ ಊರಾದ ಸಿನ್ಸಿನಾಟಿಯೇ ಪಶ್ಚಿಮ ವಿಭಾಗದಲ್ಲಿ ಮೆರೆಯಿತು. ೧೯೭೦ರಿಂದ ೧೯೭೯ರೊಳಗೆ ಆರು ಸಲ ಪ್ರಥಮ ಸ್ಥಾನ, ೧೯೭೫ ಮತ್ತು ೧೯೭೬ರಲ್ಲಿ ವರ್ಲ್ಡ್ ಸೀರೀಸ್. ಇದೇ ತಂಡಕ್ಕೆ ೧೯೮೧ರಲ್ಲಿ ಆದದ್ದನ್ನು ಕೇಳಿ. ಆಟಗಾರರ ಮುಷ್ಕರದಿಂದ ಋತುವಿನ ನಡುವೆ ಸುಮಾರು ಎರಡು ತಿಂಗಳು ಆಟ ನಿಂತಿತು. ಮುಷ್ಕರದ ಹಿಂದಿನ ಭಾಗಕ್ಕೆ ಒಬ್ಬ ವಿಜೇತ, ಮುಂದಿನ ಭಾಗಕ್ಕೆ ಒಬ್ಬ ಎಂದು ಅಧಿಕಾರಿಗಳು ನಿಯಮ ಮಾಡಿದರು. ಮೊದಲರ್ಧ ಡಾಡ್ಜರ್ಸ್ ಪಾಲಾಯಿತು, ಎರಡನೆಯದು ಹ್ಯೂಸ್ಟನ್ ಪಾಲಾಯಿತು. ಎರಡರಲ್ಲೂ ಕೂದಲೆಳೆಯಿಂದ ಎರಡನೆಯದಾದ ಸಿನ್ಸಿನಾಟಿ ಒಟ್ಟಿನಲ್ಲಿ ೬೬ ಗೆದ್ದು ೪೨ ಸೋತಿತ್ತು. ಎರಡು ಲೀಗುಗಳಲ್ಲಿ ಅದಕ್ಕಿಂತ ಉತ್ತಮ ಲೆಕ್ಕ ಇನ್ನಾರದೂ ಇರಲಿಲ್ಲ. ಆದರೂ ಅದಕ್ಕೆ ಮುಂದೆ ಪ್ರವೇಶವಿಲ್ಲ! ತಾವೇ ಶ್ರೇಷ್ಠರೆಂದು ತಮ್ಮ ಮೈದಾನದಲ್ಲಿ ತಾವೇ ಧ್ವಜವೊಂದನ್ನು ಹಾರಿಸಿಕೊಂಡು ಸಮಾಧಾನಪಟ್ಟರು.

ಇದಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ೧೯೯೩ರ ಕತೆ. ಆ ವರ್ಷ ಡೆನ್ವರಿನ ಕೊಲರಾಡೋ ರಾಕೀಸ್ ಹೊಸದಾಗಿ ಸೇರಿ ಪಶ್ಚಿಮ ವಿಭಾಗ ಏಳು ತಂಡಗಳದ್ದಾಗಿತ್ತು. ಬ್ಯಾರಿ ಬಾಂಡ್ಸ್‌ನನ್ನು ಕರೆತಂದಿದ್ದ ಜೈಂಟ್ಸ್ ಜುಲೈ ತಿಂಗಳಲ್ಲಿ ಅಟ್ಲಾಂಟಾಕ್ಕಿಂತ ಬಹಳ ಮುಂದಿತ್ತು. ಅಟ್ಲಾಂಟಾ ಬೆನ್ನಟ್ಟಿ ಬಂತು. ಕಡೆಯ ದಿನ, ಅಕ್ಟೋಬರ್ ೩ರ ಬೆಳಗಿಗೆ, ಎರಡೂ ತಂಡಗಳು ೧೦೩ ಪಂದ್ಯ ಗೆದ್ದು ಸಮನಾಗಿದ್ದವು. ಅಟ್ಲಾಂಟಾ ಎದುರಿಸಬೇಕಾಗಿದ್ದದ್ದು ರಾಕೀಸನ್ನು. ಆ ವರ್ಷ ಆಡಿದ ೧೨ ಪಂದ್ಯಗಳಲ್ಲಿ ಒಮ್ಮೆಯೂ ತನ್ನನ್ನು ಸೋಲಿಸದ ಎಳೆಯ ತಂಡವನ್ನು. ಹದಿಮೂರನೆಯದನ್ನೂ ೫–೩ರಿಂದ ಗೆದ್ದಿತು. ಜೈಂಟ್ಸ್ ಎದುರಿಗೆ ಹಳೆಯ ವೈರಿ ಡಾಡ್ಜರ್ಸ್. ಡಾಡ್ಜರ್ಸಿಗೆ ಆ ಪಂದ್ಯದಿಂದ ಬರುವುದು ಏನೂ ಇರಲಿಲ್ಲ, ಕೆಡಿಸುವ ಸುಖದ ಹೊರತು. ಜೈಂಟ್ಸ್ ಚೆಂಡನ್ನು ಕೊಟ್ಟದ್ದು ಆಗಸ್ಟಿನಲ್ಲಷ್ಟೇ ದೊಡ್ಡ ಲೀಗಿಗೆ ಕಾಲಿಟ್ಟಿದ್ದ ಸಾಲೊಮನ್ ಟಾರೆಸ್‌ನ ಕೈಗೆ. ಅವನಿಗೆ ೨೧ ವರ್ಷ. ನಮಗಿಂತ ಒಂದು ವರ್ಷಕ್ಕೆ ಹಿರಿಯ. ಜೈಂಟ್ಸ್ ೧–೧೨ರಿಂದ ಸೋತಿತು.

೧೦೩ ಗೆದ್ದ ಜೈಂಟ್ಸ್ ಮನೆಗೆ ಹೋಯಿತು. ಪೂರ್ವ ವಿಭಾಗದಲ್ಲಿ ೯೭ ಗೆದ್ದ ಫಿಲಡೆಲ್ಫಿಯಾ ಮುಂದೆ ಹೋಯಿತು. ನಿಯಮವೆಂದರೆ ನಿಯಮ, ಎಲ್ಲರಿಗೂ ಮೊದಲೇ ಗೊತ್ತಿದ್ದದ್ದೇ ಎನ್ನಬಹುದು. ಆದರೆ ಅಟ್ಲಾಂಟಾ ನಕಾಶೆ ಹೇಳುವಂತೆ ಪೂರ್ವದಲ್ಲೇ ಇದ್ದಿದ್ದರೆ? ೧೯೬೯ರಲ್ಲಿ ಎಳೆದ ಗೆರೆಯ ಸಾಲವನ್ನು ೨೪ ವರ್ಷಗಳ ತರುವಾಯ ಜೈಂಟ್ಸ್ ತೀರಿಸಿತೆಂದೇ ನನ್ನ ಭಾವನೆ. ಆ ಗೆರೆಯನ್ನೆಳೆದಾಗ ಟಾರೆಸ್ ಹುಟ್ಟಿಯೇ ಇರಲಿಲ್ಲ.

ಮರುವರ್ಷವೇ ಗೆರೆ ಬದಲಾಯಿತು. ೧೯೯೪ರಲ್ಲಿ ಮೂರು ವಿಭಾಗಗಳಾಗಿ, ಅಟ್ಲಾಂಟಾ ಪೂರ್ವಕ್ಕೂ ಸಿನ್ಸಿನಾಟಿ, ಹ್ಯೂಸ್ಟನ್ ಮಧ್ಯಕ್ಕೂ ಹೋದವು. (ಹ್ಯೂಸ್ಟನ್ ೨೦೧೩ರಲ್ಲಿ ಲೀಗನ್ನೇ ಬದಲಾಯಿಸಿತು.) ಪ್ರಥಮ ಸ್ಥಾನ ಸಿಗದ ಉತ್ತಮ ತಂಡಕ್ಕೂ ಒಂದು ಹಿಂಬಾಗಿಲನ್ನಿಟ್ಟು ಅದಕ್ಕೆ ‘ವೈಲ್ಡ್ ಕಾರ್ಡ್’ ಎಂದು ಹೆಸರಿಟ್ಟರು. ಪಶ್ಚಿಮದಲ್ಲಿ ಉಳಿದವು ಡಾಡ್ಜರ್ಸ್, ಜೈಂಟ್ಸ್, ಸ್ಯಾನ್ ಡಿಯೇಗೋ, ರಾಕೀಸ್. ೧೯೯೮ರಲ್ಲಿ ಅರಿಜೋನಾ ಸೇರಿ ಐದಾದವು. ಮೂರೇ ವರ್ಷಗಳ ಅನಂತರ, ೨೦೦೧ರಲ್ಲಿ, ಅರಿಜೋನಾ ವರ್ಲ್ಡ್ ಸೀರೀಸನ್ನೇ ಗೆದ್ದಿತು. ಈಗಿನ ಸದಸ್ಯರು ಈ ಐವರೇ, ಭೂಗೋಳಕ್ಕೂ ಸಮ್ಮತರು.

ಹಾಗೆಂದು ಲೆಕ್ಕ ನೇರವಾಯಿತೆಂದಲ್ಲ. ೨೦೦೫ರಲ್ಲಿ ಸ್ಯಾನ್ ಡಿಯೇಗೋ ೮೨ ಗೆದ್ದು ೮೦ ಸೋತು ಪಶ್ಚಿಮದ ಪ್ರಥಮವಾಯಿತು. ಅದೇ ವರ್ಷ ಪೂರ್ವ ವಿಭಾಗದ ಕಟ್ಟಕಡೆಯ ತಂಡ ೮೧ ಗೆದ್ದಿತ್ತು! ೮೮ ಗೆದ್ದ ಫಿಲಡೆಲ್ಫಿಯಾ ಈ ಸಲ ಹೊರಗೆ. ೨೦೨೧ರಲ್ಲಿ ಜೈಂಟ್ಸ್ ೧೦೭, ಡಾಡ್ಜರ್ಸ್ ೧೦೬. ೧೯೯೩ರ ನಿಯಮವಿದ್ದಿದ್ದರೆ ಡಾಡ್ಜರ್ಸ್ ಮನೆಗೆ ಹೋಗಬೇಕಿತ್ತು. ಹಿಂಬಾಗಿಲಿನಿಂದ ಬಂದ ಡಾಡ್ಜರ್ಸ್ ಜೈಂಟ್ಸನ್ನೇ ೩–೨ರಿಂದ ಕೆಡವಿತು.

ಇನ್ನು ರಾಕೀಸ್. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು ೧,೬೦೦ ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಹೊಡೆದ ಚೆಂಡು ಹೆಚ್ಚು ದೂರ ಹಾರುತ್ತದೆ. ೨೦೦೨ರಿಂದ ಅಲ್ಲಿ ಚೆಂಡುಗಳನ್ನು ತೇವ ಕಾಯುವ ಕೋಣೆಯಲ್ಲಿಟ್ಟು ಆಡಿಸುತ್ತಾರೆ. ೧೯೯೩ರಿಂದ ೨೦೨೫ರವರೆಗೆ ಈ ತಂಡ ಒಮ್ಮೆಯೂ ವಿಭಾಗದ ಪ್ರಥಮ ಸ್ಥಾನ ಪಡೆದಿಲ್ಲ. ೨೦೧೮ರಲ್ಲಿ ೧೬೨ ಪಂದ್ಯಗಳು ಮುಗಿದಾಗ ಡಾಡ್ಜರ್ಸ್ ಜೊತೆ ಸಮನಾಗಿ ನಿಂತಿತ್ತು. ಇಬ್ಬರದೂ ೯೧ ಗೆಲುವು. ತೀರ್ಮಾನಕ್ಕೆಂದು ಅಕ್ಟೋಬರ್ ೧ರಂದು ೧೬೩ನೆಯ ಪಂದ್ಯವೊಂದನ್ನು ಆಡಿಸಿದರು. ಡಾಡ್ಜರ್ಸ್ ೫, ರಾಕೀಸ್ ೨.