ಗ್ಲೂಟನ್: ಬಾಯಿಗೆ ಹೋಗುವುದನ್ನು ಮೊದಲು ನೋಡಿ



ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟನ್ ಸಣ್ಣ ಕರುಳನ್ನು ಕೆಡಿಸುತ್ತದೆ. ಎಡಪ್ಪಳ್ಳಿಯ ಸದಸ್ಯರೊಬ್ಬರ ಕಾಲೇಜು ಓದುವ ಮಗಳಿಗೆ ಈ ಕಾಯಿಲೆ. ಸೋಪು, ಶಾಂಪೂ ಕೂಡ ಬದಲಿಸಬೇಕೇ ಎಂದು ಅವಳ ತಾಯಿ ನನ್ನನ್ನು ಕೇಳಿದರು.

ಗ್ಲೂಟನ್ ಕರುಳಿಗೆ ಕೇಡು ಮಾಡುವುದು ಹೊಟ್ಟೆ ಸೇರಿದಾಗ. ಗಾಯವಿಲ್ಲದ ಚರ್ಮದಿಂದ ಅದು ಒಳಹೋಗದು. ಆದ್ದರಿಂದ ಟೂತ್‌ಪೇಸ್ಟ್, ಲಿಪ್‌ಸ್ಟಿಕ್, ಲಿಪ್ ಬಾಮ್‌ಗಳನ್ನು ಮೊದಲು ಪರಿಶೀಲಿಸಿ. ಕೈಯಲ್ಲೇ ಉಣ್ಣುವ ನಮಗೆ ಕೈಗೆ ಹಚ್ಚುವ ಕ್ರೀಮೂ ಮುಖ್ಯ. ಲೇಬಲ್‌ನಲ್ಲಿ ಗೋಧಿಗೆ 'ಟ್ರಿಟಿಕಂ ವಲ್ಗೇರ್', ಬಾರ್ಲಿಗೆ 'ಹಾರ್ಡಿಯಂ ವಲ್ಗೇರ್', ರೈಗೆ 'ಸೆಕೇಲ್ ಸೀರಿಯೇಲ್' ಎಂಬ ಹೆಸರಿರುತ್ತದೆ. ಹಚ್ಚಿದಲ್ಲಿ ತುರಿಕೆ ಬಂದರೆ ಅದು ಅಲರ್ಜಿ ಇರಬಹುದು, ವೈದ್ಯರಿಗೆ ತೋರಿಸಿ.

ಬ್ಯಾಂಕಿನಲ್ಲಿ ದುಡಿದ ನನ್ನ ಲೆಕ್ಕ ಇಷ್ಟೇ: ದುಬಾರಿ ಶಾಂಪೂವಿಗೆ ಹಾಕುವ ಹಣ ಅವಳ ಊಟಕ್ಕೆ, ತಪಾಸಣೆಗೆ ಹೋಗಲಿ. ಅದಕ್ಕಾಗಿ ನಮ್ಮ ವೈದ್ಯಕೀಯ ನೆರವು ನಿಧಿಗೆ ಕೈಲಾದಷ್ಟು ಕೊಡಿ.