ಆ ಹೊತ್ತಿಗೇ ಬರೆದಿಡಿ

ತಮ್ಮಾ, ತಂಗೀ, ಕೂಡ್ಲಿಗಿಯವರಿರಿ, ಹಡಗಲಿಯವರಿರಿ, ಮನಸ್ಸು ಕೆಟ್ಟಾಗ ‘ಯಾಕೋ ಬ್ಯಾಸರ’ ಅಂದು ಸುಮ್ಮನಾಗುತ್ತೀರಿ. ಯಾವಾಗಿನಿಂದ ಎಂದರೆ ಹೇಳಲು ಬರುವುದಿಲ್ಲ. ಇವತ್ತು ಬೇಸರವಾಗಿದ್ದರೆ ಹಿಂದಿನ ತಿಂಗಳೆಲ್ಲ ಹಾಗೇ ಕಳೆದಂತೆ ಕಾಣುತ್ತದೆ. ನೆನಪನ್ನು ಅಷ್ಟು ನೆಚ್ಚಬೇಡಿ, ಬರೆದಿಡಿ.

ಜೇಬಿನಲ್ಲಿ ಹಿಡಿಯುವ ಪುಸ್ತಕ ಸಾಕು. ‘ಮಂಗಳವಾರ ರಾತ್ರಿ. ಅಣ್ಣನ ಜೊತೆ ಜಗಳ. ಒಂದೂವರೆ ತನಕ ಮೊಬೈಲ್. ಬೆಳಿಗ್ಗೆ ಏಳಲಿಲ್ಲ, ಕೊಟ್ಟೂರಿನ ಬಸ್ ತಪ್ಪಿತು, ಕಾಲೇಜು ಇಲ್ಲ.’ ಇಷ್ಟೇ. ‘ನಾನು ಕೆಲಸಕ್ಕೆ ಬಾರದವನು’ ಎಂದು ಬರೆಯಬೇಡಿ. ಅದು ನಡೆದದ್ದಲ್ಲ, ನಿಮಗೆ ನೀವೇ ಕೊಟ್ಟುಕೊಂಡ ಶಿಕ್ಷೆ. ಎರಡು ವಾರದ ಹಾಳೆ ತಿರುವಿದರೆ ಯಾವುದರ ಹಿಂದೆ ಯಾವುದು ಬರುತ್ತಿದೆ ಎಂದು ಕಾಣುತ್ತದೆ. ಆಗ ಒಂದನ್ನು ಮಾತ್ರ ಬದಲಿಸಿ ನೋಡಿ: ಜಗಳವಾದ ರಾತ್ರಿ ಮೊಬೈಲ್ ಪಡಸಾಲೆಯಲ್ಲಿರಲಿ.

ಗುಟ್ಕಾ ಬಿಡಬೇಕೆನ್ನುವವರು ಚೀಟಿ ಹರಿಯುವ ಮುಂಚೆ ಒಂದು ಗೀಟು ಹಾಕಿ. ತಿಂದ ಮೇಲಲ್ಲ, ಮುಂಚೆ. ಎಣಿಸತೊಡಗಿದರೇ ಚಟ ಕೊಂಚ ತಗ್ಗುವುದುಂಟು. ಮನಃಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಆದರೆ ಆ ಬಿಗಿ ಬೇಗ ಸಡಿಲವಾಗುತ್ತದೆ, ಅಷ್ಟರೊಳಗೆ ಮುಂದಿನ ಹೆಜ್ಜೆ ಇಡಬೇಕು.

ಮನೆಯ ಹಿರಿಯರಿಗೂ ಒಂದು ಮಾತು: ಆ ಪುಸ್ತಕವನ್ನು ಕದ್ದು ಓದಬೇಡಿ.

ಮನಸ್ಸಿನ ಕಾಯಿಲೆಗೆ ಮದ್ದುಂಟು ಎಂಬುದು ನಮ್ಮ ಸೀಮೆಗೆ ಹೊಸ ಸುದ್ದಿಯಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಚಿಕಿತ್ಸೆ ಕೊಡಬಹುದೇ ಎಂದು ನೋಡಲು 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಕೂಡ್ಲಿಗಿ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಎಲ್ಲ ಆಗ ಆ ಜಿಲ್ಲೆಯಲ್ಲೇ ಇದ್ದವು. ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಆಯ್ದ ಕೆಲವೇ ಔಷಧ, ಸರಳವಾದ ದಾಖಲೆ, ಇಷ್ಟರಲ್ಲೇ ಕೆಲಸ ನಡೆಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಈ ಬಳ್ಳಾರಿ ಮಾದರಿಯ ಮೇಲೆ. ದಾಖಲೆಯ ಬೆಲೆ ಇಂದಿಗೂ ಅದೇ. ಆಸ್ಪತ್ರೆಯ ಸರದಿಯಲ್ಲಿ ಜನ ಬಹಳ, ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಬಾಯಿ ಕಟ್ಟಿದಾಗ ನಿಮ್ಮ ಪುಸ್ತಕ ಹೇಳುತ್ತದೆ.

ಬರೆದಷ್ಟೂ ಚಿಂತೆ ಹೆಚ್ಚಾದರೆ ನಿಲ್ಲಿಸಿ. ಎರಡು ವಾರವಾದರೂ ನಿದ್ದೆ, ಊಟ, ಉಮೇದು ಮರಳದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಾಯಬೇಕೆಂಬ ಯೋಚನೆ ಬಂತೋ, ಬರೆಯುತ್ತ ಕೂರಬೇಡಿ. ಮನೆಯವರನ್ನು ಎಬ್ಬಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದುಕೊಳ್ಳಿ.